ಬ್ಲ್ಯಾಂಕ್ ಕೆಂಪಾದ ದಿನ

ಕುಡಿಯುವ ನೀರಿನಲ್ಲಿ ಹಾರ್ಮೋನಿನ ವೇಷ ಹಾಕಿ ಕೂತಿರುವ ವಸ್ತುಗಳನ್ನು ಹುಡುಕುವುದು ನನ್ನ ಎಂಎಸ್ಸಿ ಪ್ರಾಜೆಕ್ಟ್. ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಮಂಗಳೂರಿನಿಂದ ಬಿ.ಸಿ. ರೋಡ್ ಕಡೆಯ ಬಸ್ ಹತ್ತಿದೆ. ಜೊತೆಗೆ ಕಂದು ಗಾಜಿನ ಬಾಟಲಿಗಳು, ಐಸ್ ತುಂಬಿದ ಥರ್ಮಾಕೋಲ್ ಪೆಟ್ಟಿಗೆ. ಕಂಡಕ್ಟರ್ ಮೂಗು ಮುಚ್ಚಿಕೊಂಡು, "ಬಂಗುಡೆಯಾ?" ಎಂದರು.

ನೇತ್ರಾವತಿಯ ನೀರನ್ನು ಶುದ್ಧ ಮಾಡುವ ಘಟಕದಲ್ಲಿ ನಾಲ್ಕು ಕಡೆ ನೀರು ಹಿಡಿಯಬೇಕಿತ್ತು: ನದಿಯದ್ದು, ಆಲಂ ಹಾಕಿ ಕೆಸರು ಕೂತ ಮೇಲಿನದ್ದು, ಮರಳಿನ ಫಿಲ್ಟರ್ ದಾಟಿದ್ದು, ಕ್ಲೋರಿನ್ ಸೇರಿದ್ದು. ಕೊನೆಯ ಬಾಟಲಿಗೆ ಥಯೋಸಲ್ಫೇಟ್ ಹಾಕಬೇಕು. ಇಲ್ಲದಿದ್ದರೆ ಕ್ಲೋರಿನ್ ದಾರಿಯುದ್ದಕ್ಕೂ ಕೆಲಸ ಮಾಡುತ್ತಲೇ ಇರುತ್ತದೆ. ಕೈಗೆ ಕ್ರೀಮು ಹಚ್ಚುವಂತಿಲ್ಲ. ಪ್ಲಾಸ್ಟಿಕ್ ಬಾಟಲಿ ಅಂತೂ ಬೇಡವೇ ಬೇಡ.

"ಎಂತ ತಂಗಿ, ನಮ್ಮ ನೀರಲ್ಲಿ ಎಂತ ಉಂಟು?" ಎಂದು ಅಲ್ಲಿನ ಆಪರೇಟರ್ ಅಣ್ಣ ಕೇಳಿದರು. ಗರ್ಭನಿರೋಧಕ ಮಾತ್ರೆಯ ಹಾರ್ಮೋನು, ಪ್ಲಾಸ್ಟಿಕ್ಕಿನ ಬಿಸ್ಫಿನಾಲ್, ಕೆಲವು ಕೀಟನಾಶಕ ಎಂದು ಹೇಳುತ್ತಾ ಎಂಡೋಸಲ್ಫಾನ್ ಹೆಸರನ್ನೂ ಎತ್ತಿದೆ. ಅವರು ಕೊಕ್ಕಡ ಕಡೆಯವರಂತೆ. "ಗೇರು ತೋಟಕ್ಕೆ ಹೆಲಿಕಾಪ್ಟರಲ್ಲಿ ಬಿಡ್ತಿದ್ರು. ನಾವು ಮಕ್ಕಳು ನೋಡ್ಲಿಕ್ಕೆ ಓಡ್ತಿದ್ದೆವು" ಎಂದರು. ಆಮೇಲೆ ತುಂಬಾ ಹೊತ್ತು ಮಾತಾಡಲಿಲ್ಲ. ಸುಪ್ರೀಂ ಕೋರ್ಟ್ ಅದನ್ನು ತಡೆದದ್ದು 2011ರಲ್ಲಿ. ಕುಡಿಯುವ ನೀರಿಗಿರುವ ನಮ್ಮ ಐಎಸ್ 10500 ಮಾನದಂಡದಲ್ಲಿ ಎಂಡೋಸಲ್ಫಾನಿಗೆ ಲೀಟರಿಗೆ 0.4 ಮೈಕ್ರೋಗ್ರಾಂ ಮಿತಿ ಇದೆ. ಎಸ್ಟ್ರಡಯೋಲ್ ಎಂಬ ಈಸ್ಟ್ರೋಜನ್ ಹಾರ್ಮೋನಿಗೆ ಅದರಲ್ಲಿ ಮಿತಿಯೇ ಇಲ್ಲ. ಅದು ಲೀಟರಿಗೆ ಒಂದು ನ್ಯಾನೋಗ್ರಾಂ ಇದ್ದರೂ ಲೆಕ್ಕಕ್ಕೆ ಬರುತ್ತದೆ. 25 ಲಕ್ಷ ಲೀಟರಿನ ಈಜುಕೊಳದಲ್ಲಿ ಎರಡೂವರೆ ಮಿಲಿಗ್ರಾಂ ಅಂದ ಹಾಗೆ. ಒಂದು ಅಕ್ಕಿಕಾಳು ಅದಕ್ಕಿಂತ ಭಾರ.

ಇಷ್ಟು ಚಿಕ್ಕದ್ದನ್ನು ಹಿಡಿಯಲು ನಮ್ಮ ಹತ್ತಿರ ಇದ್ದದ್ದು ಯೀಸ್ಟ್. ಹೌದು, ಬ್ರೆಡ್ಡಿಗೆ ಹಾಕುವ ಯೀಸ್ಟಿನ ಜಾತಿಯದ್ದೇ. ಇದಕ್ಕೆ ಮಾತ್ರ ಮನುಷ್ಯರ ಈಸ್ಟ್ರೋಜನ್ ಗ್ರಾಹಕದ, ಅಂದರೆ ಆ ಹಾರ್ಮೋನನ್ನು ಗುರುತಿಸುವ ಪ್ರೋಟೀನಿನ, ಜೀನ್ ಸೇರಿಸಿರುತ್ತಾರೆ. ಒಂದು ಲೀಟರ್ ನೀರನ್ನು ಹನಿಹನಿಯಾಗಿ ಕಾರ್ಟ್ರಿಜ್ ದಾಟಿಸಿ, ಅದರಲ್ಲಿ ಸಿಕ್ಕಿಕೊಂಡದ್ದನ್ನು ಮೆಥನಾಲಿನಲ್ಲಿ ಇಳಿಸಿ ಯೀಸ್ಟಿಗೆ ಕೊಡುವುದು. ಈಸ್ಟ್ರೋಜನ್ ತರಹದ್ದು ಇದ್ದರೆ ಪರೀಕ್ಷೆಯ ತಟ್ಟೆಯಲ್ಲಿರುವ ಹಳದಿ ಬಣ್ಣ ಕೆಂಪಿಗೆ ತಿರುಗುತ್ತದೆ. ದುಬಾರಿ ಯಂತ್ರಗಳು ಸಾಮಾನ್ಯವಾಗಿ ನಾವು ಹೆಸರು ಹೇಳಿದ ವಸ್ತುವನ್ನಷ್ಟೇ ಹುಡುಕುತ್ತವೆ. ಯೀಸ್ಟಿಗೆ ಹೆಸರು ಗೊತ್ತಿಲ್ಲ. ಎಲ್ಲರ ಕಿತಾಪತಿಯನ್ನೂ ಒಟ್ಟಿಗೆ ಕೂಡಿಸಿ ತೋರಿಸುತ್ತದೆ. ನನಗೆ ಅದಕ್ಕೇ ಇದರ ಮೇಲೆ ಪ್ರೀತಿ ಜಾಸ್ತಿ.

ಮೂರನೇ ದಿನ ತಟ್ಟೆ ತೆಗೆದರೆ ಬ್ಲ್ಯಾಂಕ್ ಕೆಂಪು! ಬ್ಲ್ಯಾಂಕ್ ಅಂದರೆ ಏನೂ ಇರಬಾರದ ನೀರು. ಅದೇ ಬಣ್ಣ ತಿರುಗಿದ ಮೇಲೆ ಉಳಿದ ನಾಲ್ಕನ್ನು ನಂಬುವುದು ಹೇಗೆ? ಇಡೀ ತಟ್ಟೆ ಕಸಕ್ಕೆ.

ಎರಡು ದಿನ ತಲೆ ಕೆಡಿಸಿಕೊಂಡೆ. ಯೀಸ್ಟಿಗೆ ಬೈದೆ, ಮೆಥನಾಲಿಗೆ ಬೈದೆ. ಮತ್ತೆ ಕಿಟಕಿಯ ಕಡೆ ಕಣ್ಣು ಹೋಯಿತು. ಬ್ಲ್ಯಾಂಕಿಗೆ ಹಾಕಿದ ಡಿಸ್ಟಿಲ್ಡ್ ವಾಟರ್ ಅನ್ನು ನಾನೇ ಹಿಂದಿನ ವಾರ ಹಳೆಯ ನೀಲಿ ಪಾಲಿಕಾರ್ಬೊನೇಟ್ ಕ್ಯಾನಿನಲ್ಲಿ ತುಂಬಿಸಿ ಅಲ್ಲಿಟ್ಟಿದ್ದೆ. ಕರಾವಳಿಯ ಮಾರ್ಚ್ ಬಿಸಿಲು ಕೇಳಬೇಕಾ? ಆ ಪ್ಲಾಸ್ಟಿಕ್ ಮಾಡುವುದೇ ಬಿಸ್ಫಿನಾಲಿನಿಂದ. ಊರಿಡೀ ಗಾಜಿನ ಬಾಟಲಿ ಹೊತ್ತವಳು ನಾನು!

ಎರಡನೇ ಸಲ ಎಲ್ಲಾ ಗಾಜಿನಲ್ಲೇ ಮಾಡಿದೆ. ಬ್ಲ್ಯಾಂಕ್ ಹಳದಿಯಾಗಿಯೇ ಉಳಿಯಿತು. ಖುಷಿ ತಡೆಯದೆ ಆಪರೇಟರ್ ಅಣ್ಣನಿಗೆ ಫೋನ್ ಮಾಡಿದೆ.

"ಖಾಲಿ ನೀರು ಸರಿ ಉಂಟಣ್ಣ."

"ಅದು ಸರಿ ಮಾರಾಯ್ತಿ, ನಮ್ಮ ನೀರು?"

"ಅದನ್ನು ಇನ್ನು ಲೆಕ್ಕ ಹಾಕಬೇಕಷ್ಟೆ."