ಬಲೀಂದ್ರನಿಗೆ ಹೊಸ ವಿಳಾಸ ಗೊತ್ತಾ?

“ನೀನು ಈಗ ಇಲ್ಲಿದ್ದೀಯ ಅಂತ ಆ ರಾಜನಿಗೆ ಗೊತ್ತಾ?”

ಕೇಳಿದ್ದು ಮೇಲಿನ ಮನೆಯ ಐದು ವರ್ಷದ ಹುಡುಗ. ರಾಜ ಅಂದ್ರೆ ದೀಪಾವಳಿಯ ನಮ್ಮ ಬಲೀಂದ್ರ, ಬಲಿ ಚಕ್ರವರ್ತಿ. ಅವರ ಅಡುಗೆಮನೆಯ ಮೇಜಿನ ಮೇಲೆ ಇಬ್ಬರೂ ಸೇರಿ ಕಾಗದದ ಲಾಟೀನಿಗೆ ಗೋಂದು ಹಚ್ಚುತ್ತಿದ್ದೆವು. ಸಂತ ಮಾರ್ಟಿನ್ ಹಬ್ಬಕ್ಕೆ ಇಲ್ಲಿ ಜರ್ಮನಿಯಲ್ಲಿ ಮಕ್ಕಳೆಲ್ಲ ಲಾಟೀನು ಹಿಡಿದು ಮೆರವಣಿಗೆ ಹೋಗುತ್ತಾರೆ. ಗೋಂದು ಹಚ್ಚುತ್ತಾ ಅವನು ಮಾರ್ಟಿನ್ ಕಥೆ ಹೇಳಿದ. ರೋಮನ್ ಸೈನಿಕ, ವಿಪರೀತ ಚಳಿ, ದಾರಿಯಲ್ಲೊಬ್ಬ ಭಿಕ್ಷುಕ. ಮಾರ್ಟಿನ್ ಕತ್ತಿ ತೆಗೆದು ತನ್ನ ಮೇಲಂಗಿಯನ್ನು ಎರಡು ತುಂಡು ಮಾಡಿ ಅರ್ಧ ಕೊಟ್ಟ. “ನಿಮ್ಮ ಊರಲ್ಲಿ ಯಾರು ಕೊಟ್ಟದ್ದು?” ಅಂದ. ನಾನು ಸುಮ್ನೆ ಇರಬಹುದಿತ್ತು. “ನಮ್ಮವನು ಎಲ್ಲವನ್ನೂ ಕೊಟ್ಟ, ಕೊನೆಗೆ ತಲೆಯನ್ನೂ ಕೊಟ್ಟ” ಅಂತ ಸ್ವಲ್ಪ ಜಂಬದಲ್ಲೇ ಹೇಳಿದೆ. ನನ್ನ ಅರ್ಧಂಬರ್ಧ ಜರ್ಮನ್‌ನಲ್ಲಿ ಪಾತಾಳ, ಮೂರು ದಿನದ ಭೇಟಿ ಎಲ್ಲ ಮುಗಿಸಿದ ಮೇಲೆ ಬಂತು ಈ ಪ್ರಶ್ನೆ.

“ಗೊತ್ತಿರಲಿಕ್ಕಿಲ್ಲ. ನಾವು ಕೂಗಿ ಕರೀಬೇಕು.”

“ಹಾಗಾದ್ರೆ ಕೂಗು” ಅಂದವನೇ ಮತ್ತೆ ಗೋಂದಿನ ಬಾಟ್ಲಿ ಹಿಡಿದ.

ಮಣಿಪಾಲದ ಕಾಲೇಜಿನಿಂದ ಒಂದು ಸೆಮಿಸ್ಟರ್‌ಗೆ ಅಂತ ನಾನು ಜರ್ಮನಿಯ ಬಾನ್‌ಗೆ ಬಂದದ್ದು 2023ರ ಅಕ್ಟೋಬರಿನಲ್ಲಿ. ಆ ವರ್ಷ ಹಬ್ಬಗಳು ಒಂದರ ಮೇಲೊಂದು ಬಂದು ಕೂತವು. ನವೆಂಬರ್ 11, ಶನಿವಾರ, ನಮ್ಮಲ್ಲಿ ದೀಪಾವಳಿಯ ನೀರು ತುಂಬುವ ಸಂಜೆ. ಇಲ್ಲಿ ಅವತ್ತೇ ಮಾರ್ಟಿನ್ ಹಬ್ಬ. ಸಾಲದ್ದಕ್ಕೆ ಅವತ್ತೇ ಬೆಳಿಗ್ಗೆ 11 ಗಂಟೆ 11 ನಿಮಿಷಕ್ಕೆ ಸರಿಯಾಗಿ ಕಲೋನ್‌ನಲ್ಲಿ ಕಾರ್ನಿವಲ್ ಶುರು. ನಾನು ಅವಲಕ್ಕಿ, ಬೆಲ್ಲ, ಒಂದು ತೆಂಗಿನಕಾಯಿ ತರಲು ಕಲೋನ್‌ಗೆ ಹೊರಟವಳು. ರೈಲಿನ ತುಂಬ ವೇಷಧಾರಿಗಳು. ನನ್ನ ಎದುರಿಗೇ ತಲೆಯಿಂದ ಕಾಲಿನವರೆಗೆ ಹುಲಿ ಬಟ್ಟೆ ಹಾಕಿದ ಒಬ್ಬ, ಬೆಳಿಗ್ಗೆಯೇ ಕೈಯಲ್ಲಿ ಬಿಯರ್ ಬಾಟ್ಲಿ. ತಾಸೆ ಪೆಟ್ಟು ಬಿದ್ದರೂ ಈ ಹುಲಿಗೆ ಎದ್ದು ಎರಡು ಹೆಜ್ಜೆ ಹಾಕಲು ಆಗಲಿಕ್ಕಿಲ್ಲ. ಮೈಗೆ ಬಣ್ಣ ಬಳಿದುಕೊಂಡು ರಾತ್ರಿಯಿಡೀ ನಿಲ್ಲುವ ನಮ್ಮ ಹುಲಿವೇಷದ ಹುಡುಗರನ್ನು ಇವನಿಗೊಮ್ಮೆ ತೋರಿಸಬೇಕು ಅನಿಸಿತು.

ಐದು ಗಂಟೆಗೆಲ್ಲ ಇಲ್ಲಿ ಕತ್ತಲೆ. ಮೆರವಣಿಗೆಯ ಮುಂದೆ ನಿಜವಾದ ಕುದುರೆ, ಅದರ ಮೇಲೆ ಕೆಂಪು ಮೇಲಂಗಿಯ ಮಾರ್ಟಿನ್. ಹಿಂದೆ ಕೋಲಿಗೆ ಸಿಕ್ಕಿಸಿದ ಲಾಟೀನುಗಳು. ಮುಳ್ಳುಹಂದಿ, ಚಂದ್ರ, ಗೂಬೆ. ನಮ್ಮದು ಆಮೆ ಆಗಬೇಕಿತ್ತು, ಗೋಂದು ಜಾಸ್ತಿಯಾಗಿ ಹಲಸಿನಕಾಯಿ ಆಗಿತ್ತು. ಕೊನೆಗೆ ಬಯಲಿನಲ್ಲಿ ದೊಡ್ಡ ಬೆಂಕಿ. ಮಕ್ಕಳಿಗೆಲ್ಲ ಮನುಷ್ಯನ ಆಕಾರದ ಬ್ರೆಡ್, ಒಣದ್ರಾಕ್ಷಿಯ ಕಣ್ಣು, ಕೈಯಲ್ಲೊಂದು ಬಿಳಿ ಮಣ್ಣಿನ ಚುಟ್ಟಾ ಕೊಳವೆ. ಆ ಕೊಳವೆ ಯಾಕೆ ಅಂತ ಯಾರೂ ನನಗೆ ಸರಿಯಾಗಿ ಹೇಳಲಿಲ್ಲ. ಆಮೇಲೆ ಮಕ್ಕಳು ಮನೆ ಮನೆಗೆ ಹೋಗಿ ಹಾಡಿ ಮಿಠಾಯಿ ತರುವುದು. ಇದಕ್ಕೆ ಇಲ್ಲಿನವರು ಶ್ನೋರ್ಟ್ಸೆನ್ ಅನ್ನುತ್ತಾರೆ. ನಾನೂ ಹೋದೆ. ನನಗೂ ಒಂದು ಚಾಕೊಲೇಟ್ ಸಿಕ್ಕಿತು.

ಕೆಳಗಿನ ಮನೆಯ ಅಜ್ಜಿ ಜೊತೆಗಿದ್ದರು. ಅವರು ಚಿಕ್ಕವರಿದ್ದಾಗ, ಯುದ್ಧ ಮುಗಿದ ಮೇಲಿನ ವರ್ಷಗಳಲ್ಲಿ, ಲಾಟೀನಿಗೆ ಕಾಗದ ಎಲ್ಲಿಂದ ಬರಬೇಕು? ದನಕ್ಕೆ ಹಾಕುವ ಬೀಟ್ ಗೆಡ್ಡೆಯ ಒಳಗನ್ನು ಕೊರೆದು ಕಣ್ಣು ಮೂಗು ತೆಗೆದು ಒಳಗೆ ಮೇಣದಬತ್ತಿ ಇಡುತ್ತಿದ್ದರಂತೆ. ನಾನು ಫೋನಿನಲ್ಲಿ ಮಂಗಳೂರಿನ ಕುದ್ರೋಳಿಯ ಗೂಡುದೀಪ ಸ್ಪರ್ಧೆಯ ಚಿತ್ರ ತೋರಿಸಿದೆ. ಕನ್ನಡಕ ಮೇಲೆ ಮಾಡಿ, ಚಿತ್ರ ದೊಡ್ಡದು ಮಾಡಿ, ಒಂದೊಂದನ್ನೇ ನೋಡಿದರು. ಧಾನ್ಯ ಅಂಟಿಸಿ ಮಾಡಿದ ಒಂದು ಗೂಡುದೀಪದ ಹತ್ತಿರ ತುಂಬ ಹೊತ್ತು ನಿಂತರು. ನಮ್ಮ ಮನೆಯದ್ದು ಬಿದಿರಿನ ಕಡ್ಡಿಯ ಮಾಮೂಲಿ ನಕ್ಷತ್ರ. ಅಪ್ಪ ವರ್ಷ ವರ್ಷ ಅದೇ ಕಡ್ಡಿ ಬಿಚ್ಚಿಟ್ಟು ಕಾಗದ ಮಾತ್ರ ಬದಲಿಸುತ್ತಾರೆ. ಆ ವರ್ಷ ಯಾವ ಬಣ್ಣ ಅಂತ ಕೇಳಲು ನಾನು ಮರೆತೇ ಹೋಗಿದ್ದೆ.

ಎಣ್ಣೆ ಸ್ನಾನದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಿಂದಿನ ರಾತ್ರಿ ಬಕೆಟ್ ತುಂಬಿಸಿ ಒಂದು ಎಳೆ ಹೂ ಸುತ್ತಿಟ್ಟಿದ್ದೆ. ಬೆಳಿಗ್ಗೆ ನೋಡಿದರೆ ತೆಂಗಿನೆಣ್ಣೆ ಬಾಟ್ಲಿಯಲ್ಲೇ ಕಲ್ಲಾಗಿತ್ತು. ಹೀಟರ್ ಮೇಲಿಟ್ಟು ಕರಗಿಸಿ ನನ್ನ ತಲೆಗೆ ನಾನೇ ಹಚ್ಚಿಕೊಂಡೆ. ಅಮ್ಮ ಹಚ್ಚುವಾಗ ಕೈ ತಲೆಯ ಮೇಲೆ ಬೀಳುವ ಆ ಪಟಪಟ ಇರುತ್ತದಲ್ಲ, ನಮ್ಮ ಕೈಯಿಂದ ನಮಗೆ ಅದು ಬರುವುದಿಲ್ಲ. ಭಾನುವಾರ ಇಲ್ಲಿ ಅಂಗಡಿ ಇಲ್ಲ, ಗೋಡೆಗೊಂದು ಮೊಳೆ ಹೊಡೆಯುವ ಹಾಗೂ ಇಲ್ಲ. ಪಟಾಕಿ ಹೊಸ ವರ್ಷದ ರಾತ್ರಿಗೆ ಮಾತ್ರ. ಕರ್ನಾಟಕದ ಉಳಿದ ಹುಡುಗ ಹುಡುಗಿಯರೆಲ್ಲ ಒಂದು ಕಡೆ ಸೇರಿ ಊಟ ಮಾಡಿದೆವು. ಚೆನ್ನಾಗಿತ್ತು. ಬೆಂಗಳೂರಿನವರಿಗೆ ಲಕ್ಷ್ಮೀ ಪೂಜೆ ಆದರೆ ಹಬ್ಬ ಮುಗಿದ ಹಾಗೆ. ಬಲೀಂದ್ರನನ್ನು ಕೂಗುವುದು ಅಂದರೆ ಅವರಿಗೆ ನಗು.

ಮಂಗಳವಾರ ಪಾಡ್ಯ. ಆ ಹುಡುಗ ಮಾತ್ರ ಬಿಡಲಿಲ್ಲ. ಮೆಟ್ಟಿಲಲ್ಲಿ ಸಿಕ್ಕಿದಾಗಲೆಲ್ಲ “ಕೂಗಿದ್ಯಾ?” ಅಂತ ಕೇಳುವುದೇ. ಅಜ್ಜಿಗೂ ಹೇಳಿಬಿಟ್ಟ. ಇಲ್ಲಿ ಕೂಗುವುದು ಹೇಗೆ, ಯಾರಾದರೂ ಪೊಲೀಸರಿಗೆ ಫೋನ್ ಮಾಡಿದರೆ ಅಂತ ನಾನು ಹಿಂಜರಿದಾಗ ಅಜ್ಜಿ ಏನೂ ಹೇಳಲಿಲ್ಲ. ಸೋಮವಾರ ಸಂಜೆ ಬಂದು ನೋಡಿದರೆ ಕೆಳಗೆ, ಅಂಚೆ ಪೆಟ್ಟಿಗೆಗಳ ಪಕ್ಕದ ಗೋಡೆಯಲ್ಲಿ ಒಂದು ಚೀಟಿ. ಯಾರ ಮನೆಯಲ್ಲಾದರೂ ಪಾರ್ಟಿ ಇದ್ದರೆ, ರಿಪೇರಿ ಇದ್ದರೆ ಇಲ್ಲಿ ಹೀಗೆ ಚೀಟಿ ಅಂಟಿಸುವುದು ಕ್ರಮ. ನೀಲಿ ಶಾಯಿ, ಅಜ್ಜಿಯ ವಾಲಿದ ಅಕ್ಷರ.

“ಪ್ರಿಯ ನೆರೆಹೊರೆಯವರೇ, ಮಂಗಳವಾರ ಸಂಜೆ 7 ಗಂಟೆಗೆ ಎರಡನೇ ಮಹಡಿಯ ಭಾರತದ ವಿದ್ಯಾರ್ಥಿನಿ ಹಿತ್ತಲಿನಲ್ಲಿ ನಿಂತು ತಮ್ಮ ಊರಿನ ರಾಜನನ್ನು ಕರೆಯಲಿದ್ದಾಳೆ. ಮೂರು ಸಲ. ಒಟ್ಟು ಸುಮಾರು ಒಂದು ನಿಮಿಷ. ಗಾಬರಿ ಬೇಡ. ಇಷ್ಟ ಇದ್ದವರು ಬರಬಹುದು.”

ನಾನು ಅದರ ಮುಂದೆ ನಿಂತು ಎರಡೆರಡು ಸಲ ಓದಿದೆ. ರಾಜನನ್ನು ಕರೆಯುವುದಕ್ಕೆ ಅನುಮತಿ ಸಿಕ್ಕಿತ್ತು!

ನಮ್ಮ ಮನೆ ಉಡುಪಿ ಕಡೆಯ ಕಟಪಾಡಿಯ ಹತ್ತಿರ. ಮನೆ ಮುಂದೆ ಗದ್ದೆ, ಗದ್ದೆಯಾಚೆ ಇನ್ನೊಂದು ಮನೆ, ಅದರಾಚೆ ಮತ್ತೊಂದು. ಅಜ್ಜ ಇದ್ದಾಗ ಪಾಡ್ಯದ ಸಂಜೆ ಬಟ್ಟೆ ಸುತ್ತಿದ ಕೋಲುದೀಪ, ಹರಿವಾಣದಲ್ಲಿ ಅವಲಕ್ಕಿ ಹೂವು ಹಿಡಿದು ಗದ್ದೆಯ ಅಂಚಿಗೆ ಹೋಗುತ್ತಿದ್ದರು. ಹಿಂದೆ ನಾವು ಮಕ್ಕಳು ಸಾಲಾಗಿ. ಹಟ್ಟಿಗೆ, ಬಾವಿಕಟ್ಟೆಗೆ, ಗೊಬ್ಬರದ ಗುಂಡಿಗೆ ಎಲ್ಲ ಒಂದೊಂದು ದೀಪ. ಉಪ್ಪು ಕರ್ಪೂರವಾಗುವ ಆ ಮಾತೆಲ್ಲ ಅಜ್ಜ ತುಳುವಿನಲ್ಲಿ ಗೊಣಗಿಕೊಂಡ ಹಾಗೆ ಹೇಳುತ್ತಿದ್ದರು. ಕೊನೆಯ “ಕೂ” ಮಾತ್ರ ಎಲ್ಲಿಂದ ಬರುತ್ತಿತ್ತೋ, ಬೀಡಿ ಸೇದಿ ಸೇದಿ ಹೋದ ಆ ಗಂಟಲಿನಿಂದ. ನಾವು “ಕೂ” ಅನ್ನಬೇಕು. ಆಮೇಲೆ ಸ್ವಲ್ಪ ಕಾಯಬೇಕು. ಗದ್ದೆಯಾಚೆಯಿಂದ ಇನ್ನೊಂದು “ಕೂ” ಬರುತ್ತಿತ್ತು. ಆಮೇಲೆ ಇನ್ನೂ ಆಚೆಯಿಂದ, ಕಡಲಿನ ಕಡೆಯಿಂದ ಸಣ್ಣದಾಗಿ ಮತ್ತೊಂದು. ಯಾರ ಮನೆಯಲ್ಲಿ ಪೂಜೆ ಆಯ್ತು, ಯಾರಿಗೆ ಶೀತ ಆಗಿದೆ, ಯಾರ ಮಗ ಮುಂಬೈಯಿಂದ ಬಂದಿದ್ದಾನೆ, ಎಲ್ಲ ಆ ಕೂಗಿನಲ್ಲೇ ಗೊತ್ತಾಗುತ್ತಿತ್ತು. “ಓ, ಅವನು ಬಂದಿದ್ದಾನೆ, ಸ್ವರ ಕೇಳಿದ್ಯಾ?” ಅಂತ ನಮ್ಮ ಅಜ್ಜಿ ಚಾವಡಿಯಿಂದಲೇ ಹೇಳುತ್ತಿದ್ದರು.

ಮುಂಬೈಯ ಹೋಟೆಲಿಗೆ ಹೋದವರು ಹಬ್ಬಕ್ಕೆ ಬರುತ್ತಿದ್ದರು. ಗಲ್ಫಿಗೆ ಹೋದವರು ಬೇಸಿಗೆ ರಜೆಗೆ ಬರತೊಡಗಿದರು. ಆಮೇಲೆ ಗದ್ದೆಗಳು ಬೇಸಾಯವಿಲ್ಲದೆ ಹಡಿಲು ಬಿದ್ದವು. ಎದುರಿನ ಗದ್ದೆಗೆ ಮಣ್ಣು ತುಂಬಿಸಿದರು. ಈಗ ಅಲ್ಲಿ ನಾಲ್ಕು ಮಾಳಿಗೆಯ ಫ್ಲ್ಯಾಟ್. ಅಣ್ಣ ಬೆಂಗಳೂರಿನಲ್ಲಿ. ಹಿಂದಿನ ವರ್ಷ ಗದ್ದೆಯ ಅಂಚಿನಲ್ಲಿ ಅಪ್ಪನ ಹಿಂದೆ ನಿಂತು “ಕೂ” ಅಂದದ್ದು ನಾನೊಬ್ಬಳೇ. ಅದೂ ಇಂಟರ್ವ್ಯೂಗೆ ಏನು ಓದಬೇಕು ಅಂತ ಯೋಚಿಸುತ್ತಾ, ಬೇಗ ಮುಗಿಯಲಿ ಅಂತ.

ಆ ಮಂಗಳವಾರ ಅಲ್ಲಿ ಸಂಜೆ ಆರೂವರೆ ಆಗುವಾಗ ಇಲ್ಲಿ ಮಧ್ಯಾಹ್ನ ಎರಡು ಗಂಟೆ. ನಾನು ಲೈಬ್ರರಿಯ ಹೊರಗಿನ ಕಾರಿಡಾರಿನಲ್ಲಿದ್ದೆ. ಅಮ್ಮ ವಿಡಿಯೊ ಕಾಲ್ ಮಾಡಿದರು. ಫೋನ್ ಅಪ್ಪನ ಕಡೆ ತಿರುಗಿಸಿದರು. ಗದ್ದೆಯ ಅಂಚು, ಕೋಲುದೀಪ, ಅಪ್ಪನ ಬಿಳಿ ಪಂಚೆ. ಅಪ್ಪ ಎದೆ ತುಂಬ ಉಸಿರು ಎಳೆದುಕೊಂಡರು, ಕುತ್ತಿಗೆ ಹಿಂದಕ್ಕೆ ಹೋಯಿತು, ಬಾಯಿ ತೆರೆಯಿತು. ಸದ್ದೇ ಇಲ್ಲ. ಅಮ್ಮನ ಮಾತು ಕೇಳುತ್ತಿದೆ, ಅಪ್ಪನ ಕೂಗು ಮಾತ್ರ ಕೇಳುವುದಿಲ್ಲ. ಎರಡನೇ ಸಲವೂ ಹಾಗೆಯೇ. ಗದ್ದಲ ಬೇಡ ಅಂತ ಫೋನೇ ಅದನ್ನು ತೆಗೆದುಹಾಕುತ್ತದಂತೆ, ಅಣ್ಣ ಆಮೇಲೆ ಹೇಳಿದ. ಜನ ಅತ್ತ ಇತ್ತ ಓಡಾಡುತ್ತಿದ್ದರು. ಈಗ ನಾನು ಓಗೊಡಬೇಕು. ನಾನು ಕೈ ಬೀಸಿದೆ.

ಸಂಜೆ ಏಳಕ್ಕೆ ಹಿತ್ತಲಿಗೆ ಇಳಿದೆ. ಬಲೀಂದ್ರನಿಗೆ ಊರಲು ಕಂಬ ಇರಲಿಲ್ಲ. ಟೊಮೆಟೊ ಗಿಡಕ್ಕೆ ಆಸರೆಗೆ ಊರುವ ಸುರುಳಿ ಸರಳೊಂದನ್ನು ಅಜ್ಜಿ ತಂದುಕೊಟ್ಟರು. ನಾನು ಅದಕ್ಕೆ ಸೇವಂತಿಗೆ ಸುತ್ತುವಾಗ ಮಾತ್ರ ಅವರು ಸ್ವಲ್ಪ ಮುಖ ಸಣ್ಣ ಮಾಡಿದರು. ನವೆಂಬರಿನಲ್ಲಿ ಇಲ್ಲಿ ಸೇವಂತಿಗೆ ಸಮಾಧಿಗೆ ಇಡುವ ಹೂ. ಆಮೇಲೆ ಅವರೇ ಒಂದು ಹೂ ಸಿಕ್ಕಿಸಿದರು. ಜಾಮ್ ಬಾಟ್ಲಿಯಲ್ಲಿ ದೀಪ, ಕಾಗದದ ತಟ್ಟೆಯಲ್ಲಿ ಬೆಲ್ಲ ಕಾಯಿ ಹಾಕಿದ ಅವಲಕ್ಕಿ. ಹುಡುಗ ಹಲಸಿನಕಾಯಿ ಲಾಟೀನು ಹಿಡಿದು ಬಂದ. ಮೂರನೇ ಮಹಡಿಯ ಒಬ್ಬರು ಬಾಲ್ಕನಿಯಲ್ಲಿ ಸಿಗರೇಟು ಹಚ್ಚಿಕೊಂಡು ನಿಂತಿದ್ದರು.

ಮೊದಲ “ಕೂ” ಗಂಟಲಲ್ಲೇ ಉಳಿಯಿತು. ಎರಡನೆಯದು ಪರವಾಗಿಲ್ಲ. ಮೂರನೆಯದಕ್ಕೆ ಅಪ್ಪನ ಹಾಗೆ ಕುತ್ತಿಗೆ ಹಿಂದಕ್ಕೆ ಹಾಕಿದೆ. ಹುಡುಗ ಕೂಡಲೇ ಓಗೊಟ್ಟ. ಅಜ್ಜಿ ತೆಳ್ಳಗೆ “ಕೂ” ಅಂದರು. ಆಮೇಲೆ ಬಾಲ್ಕನಿಯಿಂದ ಒಂದು ದೊಡ್ಡ ಗಂಡಸಿನ ಸ್ವರ, ಇಡೀ ಹಿತ್ತಲು ತುಂಬುವ ಹಾಗೆ. ಎಲ್ಲರೂ ನಕ್ಕರು, ಅವಲಕ್ಕಿ ಖಾಲಿಯಾಯಿತು. ನಾನು ಮಾತ್ರ ಸ್ವಲ್ಪ ಹೊತ್ತು ಸುಮ್ನೆ ಕಾದೆ. ಇನ್ನೂ ಆಚೆಯಿಂದ ಒಂದು ಬರಬೇಕಿತ್ತಲ್ಲ, ಅಭ್ಯಾಸ. ಆಚೆ ಟ್ರಾಮ್ ಹೋಗುವ ಸದ್ದು.

ಮರುದಿನ ಬೆಳಿಗ್ಗೆ ಎಂಟಕ್ಕೆಲ್ಲ ಅಜ್ಜಿ ಚೀಟಿ ತೆಗೆದಿದ್ದರು. ಮುಗಿದ ಕೆಲಸದ ಚೀಟಿ ಗೋಡೆಯಲ್ಲಿ ಇರಬಾರದು. ಆಮೇಲೆ ಡಿಸೆಂಬರ್ ಬಂತು, ಊರಿಡೀ ಕ್ರಿಸ್‌ಮಸ್ ಮಾರುಕಟ್ಟೆ. ನಿಕೋಲಸ್ ಹಬ್ಬದ ಹಿಂದಿನ ರಾತ್ರಿ, 5ಕ್ಕೆ, ನನ್ನ ಬಾಗಿಲ ಹೊರಗೂ ಶೂ ಇಡಬೇಕಂತೆ, ಹುಡುಗನ ಅಪ್ಪಣೆ ಆಗಿತ್ತು.

ಅಪ್ಪನಿಗೆ ಚೀಟಿಯ ಕಥೆ ಹೇಳಿದಾಗ ಮೊದಲು ನಕ್ಕರು. ಆಮೇಲೆ ಹೇಳಿದರು, “ಇಲ್ಲಿ ಯಾರೂ ಓಗೊಡಲಿಲ್ಲ ಮಾರಾಯ್ತಿ. ಎದುರಿನ ಫ್ಲ್ಯಾಟಿನಿಂದ ಒಬ್ರು ಬಂದು, ಎಂತ ಆಯ್ತು ಅಂಕಲ್, ಹಾವು ಬಂತಾ ಅಂತ ಕೇಳಿದ್ರು. ಪಾಪ, ಟಾರ್ಚ್ ಹಿಡ್ಕೊಂಡು ಓಡಿ ಬಂದಿದ್ರು.” ಸ್ವಲ್ಪ ಹೊತ್ತು ಬಿಟ್ಟು, “ಆ ಚೀಟಿಯನ್ನು ಕನ್ನಡದಲ್ಲಿ ಬರೆದು ಕಳಿಸು. ಬರುವ ವರ್ಷ ಅವರ ಲಿಫ್ಟಿನ ಹತ್ರ ಅಂಟಿಸ್ತೇನೆ.”

“ಒಟ್ಟು ಸುಮಾರು ಒಂದು ನಿಮಿಷ ಅಂತಲೂ ಬರೀಲಾ?” ಅಂತ ಕೇಳಿದೆ.

“ಬೇಡ,” ಅಂದರು ಅಪ್ಪ. “ಸಮಯ ಎಲ್ಲ ಹಾಕ್ಬೇಡ.”