ಇನಿಷಿಯಲ್ ಬಿಡಿಸಿ ಬರೆದ ತಪ್ಪಿಗೆ 60 ದಿನಗಳ ಬೀಗ

ಖಣ, ಅಂದರೆ ಕುಪ್ಪಸದ ಬಟ್ಟೆಯ ಹೆಸರಿರುವ ನನ್ನ ಡೊಮೇನ್ ಹೆಸರು (ವೆಬ್‌ಸೈಟಿನ ವಿಳಾಸ) ಡಿಸೆಂಬರ್ 10ರ ರಾತ್ರಿ ಕೊನೆಗೂ ಕೊಂಡವರ ಪಾಲಾಯಿತು. 2021ರಲ್ಲಿ ಯಾರೋ ನವೀಕರಿಸದೆ ಬಿಟ್ಟು, ಅಳಿಸುವ ಮುನ್ನ ಕಾಯಿಸುವ ಪೆಂಡಿಂಗ್ ಡಿಲೀಟ್‌ನ 5 ದಿನಗಳೂ ಮುಗಿದು, ಯಾರು ಬೇಕಾದರೂ ಕೊಳ್ಳುವಂತೆ ಉದುರಿದ್ದನ್ನು ನಾನು ಮಾಮೂಲು ನೋಂದಣಿ ದರಕ್ಕೇ ಹಿಡಿದಿದ್ದೆ. ಅಲ್ಲಿಂದೀಚೆಗಿನ ನವೀಕರಣ ಶುಲ್ಕಗಳನ್ನೂ ಅವುಗಳ ಮೇಲಿನ ಶೇ 18ರ ಜಿಎಸ್‌ಟಿಯನ್ನೂ ಕೂಡಿಸಿದರೆ ಖರ್ಚು 6,000 ರೂಪಾಯಿ ದಾಟುವುದಿಲ್ಲ, ಮಾರಿದ್ದು 38,000ಕ್ಕೆ. ವಾಯ್ಸ್ ಡಾಟ್ ಕಾಮ್ 2019ರಲ್ಲಿ 3 ಕೋಟಿ ಡಾಲರ್‌ಗೆ ಹೋದ ಸುದ್ದಿ ಓದಿ ಈ ಹುಚ್ಚು ಹಿಡಿಸಿಕೊಂಡವರಿಗೆ ಇದು ಚಿಲ್ಲರೆ ಎನಿಸಬಹುದು, ಆದರೆ ನನ್ನ ಪಟ್ಟಿಯ 43 ಹೆಸರುಗಳಲ್ಲಿ ಈ ವರ್ಷ ಮಾರಿಹೋದದ್ದು ಇದೊಂದೇ. ಹುಡುಕುವುದು, ಬೆಲೆ ಕಟ್ಟುವುದು, ಗಿರಾಕಿಗಳಿಗೆ ಪತ್ರ ಬರೆಯುವುದು ಈ ವ್ಯಾಪಾರದಲ್ಲಿರುವ ನಿಮಗೆಲ್ಲ ಗೊತ್ತಿರುವ ಕೆಲಸಗಳಾದ್ದರಿಂದ ಅವನ್ನು ಬಿಟ್ಟು, ವ್ಯವಹಾರ ಕುದುರಿದ ಮೇಲೂ ನಾಲ್ಕು ವಾರ ಈ ಹೆಸರು ನನ್ನ ಖಾತೆಯಿಂದ ಅಲುಗಾಡದೆ ಕುಳಿತದ್ದೇಕೆ ಎಂಬುದನ್ನಷ್ಟೇ ಬರೆಯುತ್ತೇನೆ.

ಪೂರ್ತಿ ಹೆಸರನ್ನು ಇಲ್ಲಿ ಹೇಳುವುದಿಲ್ಲ; ಆನ್‌ಲೈನ್ ಅಂಗಡಿ ತೆರೆಯುವವರೆಗೆ ಬೇಡವೆಂದು ಕೊಂಡವರು ಕೇಳಿಕೊಂಡಿದ್ದಾರೆ. ಒಂದು ಸಾಮಾನ್ಯ ಪದ, ಅದರ ಮುಂದೆ ಖಣ, ಕೊನೆಗೆ ಡಾಟ್ ಕಾಮ್. ಇಳಕಲ್ ಸೀರೆಗೂ ಗುಳೇದಗುಡ್ಡದ ಖಣಕ್ಕೂ ಭೌಗೋಳಿಕ ಗುರುತಿನ ಮಾನ್ಯತೆ ಇರುವುದರಿಂದ ಊರಿನ ಹೆಸರನ್ನೂ ಬಟ್ಟೆಯ ಹೆಸರನ್ನೂ ಜೋಡಿಸಿ ಹಿಡಿದಿಟ್ಟುಕೊಂಡು, ಅದನ್ನು ಆ ನೇಕಾರರಿಗೇ ಮಾರಲು ಹೋಗುವ ವ್ಯಾಪಾರ ನನಗೆ ಬೇಡ. ಡೊಮೇನ್ ಹೆಸರಿಗೂ ವ್ಯಾಪಾರ ಚಿಹ್ನೆಯ ರಕ್ಷಣೆ ಸಲ್ಲುತ್ತದೆ ಎಂದು 2004ರಲ್ಲೇ ಸತ್ಯಂ ಇನ್ಫೋವೇ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದನ್ನು ಮರೆತವರು ಒಮ್ಮೆ ನೆನಪು ಮಾಡಿಕೊಳ್ಳುವುದು ಒಳ್ಳೆಯದು. ಇನ್ನು ಖಣವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ಹಿಂದಿಯವರ ಕಣ್ಣಿಗೆ ಅದು ಊಟವಾಗಿ ಕಾಣುತ್ತದೆಂಬುದು ಕೊಳ್ಳುವಾಗ ನನಗೆ ಹೊಳೆದೇ ಇರಲಿಲ್ಲ. ಈ ಹೆಸರಿಗೆ ಬಂದ ಮೊದಲ ಮೂರು ವಿಚಾರಣೆಗಳೂ ಟಿಫಿನ್ ಕೊಡುವವರಿಂದಲೇ ಬಂದವು. ಒಬ್ಬರಂತೂ 4,000 ರೂಪಾಯಿಯ ಜೊತೆಗೆ ಒಂದು ತಿಂಗಳ ಊಟವನ್ನೂ ಕೊಡುವುದಾಗಿ ಬರೆದಿದ್ದರು. ಅವರಿರುವುದು ಕಾನಪುರದಲ್ಲಿ, ನಾನಿರುವುದು ಬಾಗಲಕೋಟೆಯ ನವನಗರದಲ್ಲಿ.

ನವೆಂಬರ್ 12ರಂದು ಮಾತುಕತೆ ಮುಗಿದದ್ದು ಗುಳೇದಗುಡ್ಡದ ನೇಕಾರ ಮನೆತನದ ಒಬ್ಬ ತಂಗಿಯ ಜೊತೆ. ಜನವರಿ 3ರ ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆ. ಅಲ್ಲಿ ಹಾಕುವ ಮಳಿಗೆಯ ಫಲಕದ ಮೇಲೆ ವೆಬ್‌ಸೈಟಿನ ವಿಳಾಸ ಇರಲೇಬೇಕು ಎಂಬುದು ಅವರ ಒಂದೇ ಷರತ್ತು. ಸೈಟು ಕಟ್ಟುತ್ತಿದ್ದ ಪುಣೆಯ ಹುಡುಗನದು ಇನ್ನೊಂದು ಷರತ್ತು: ಹೆಸರು ಅವನು ಬಳಸುವ ರಿಜಿಸ್ಟ್ರಾರ್‌ಗೇ (ಡೊಮೇನ್ ನೋಂದಾಯಿಸುವ ಕಂಪನಿಗೇ) ಬರಬೇಕು. ವರ್ಗಾವಣೆ ತಡೆಯುವ ಬೀಗ ತೆಗೆದು, ವರ್ಗಾವಣೆಗೆ ಬೇಕಾದ ಗುಪ್ತಪದವಾದ ಆಥ್ ಕೋಡ್ ಕಳಿಸಿದರೆ ವಾರದೊಳಗೆ ಮುಗಿಯುವ ಕೆಲಸವೆಂದು ನಾನು ಧೈರ್ಯವಾಗಿ ಹೇಳಿಬಿಟ್ಟೆ.

ಎಡವಟ್ಟಾದದ್ದು 17ರಂದು. ಕರಾರುಪತ್ರದ ಕರಡು ನೋಡಿದ ಅವರ ಆಡಿಟರ್, ಅದರಲ್ಲಿ ನನ್ನ ಹೆಸರು ಪ್ಯಾನ್ ಕಾರ್ಡಿನಲ್ಲಿರುವಂತೆ ಅಪ್ಪನ ಹೆಸರೂ ಅಡ್ಡಹೆಸರೂ ಸೇರಿ ಪೂರ್ತಿಯಾಗಿದೆ, ಡೊಮೇನ್ ದಾಖಲೆಯಲ್ಲಿ ಮಾತ್ರ ಎರಡು ಇನಿಷಿಯಲ್‌ಗಳಿವೆ, ಎರಡೂ ಒಂದೇ ಆಗಲಿ ಎಂದರು. ಮಾತು ನ್ಯಾಯವಾದದ್ದೇ. ನಾನು ಖಾತೆ ತೆರೆದು ಇನಿಷಿಯಲ್‌ಗಳನ್ನು ಬಿಡಿಸಿ ಬರೆದು ಸೇವ್ ಒತ್ತಿದೆ. ತಕ್ಷಣ ಎರಡು ಮೇಲ್ ಬಂದವು: ಹಳೆಯ ಮಾಲೀಕನಾದ ನನಗೆ ಒಪ್ಪಿಗೆ ಕೋರಿ ಒಂದು, ಹೊಸ ಮಾಲೀಕನಾದ ನನಗೇ ಇನ್ನೊಂದು. ನನ್ನ ಆಸ್ತಿಯನ್ನು ನಾನೇ ನನಗೆ ಕೊಡಲು ಒಪ್ಪಿ, ಅದನ್ನು ನಾನೇ ಸ್ವೀಕರಿಸಲೂ ಒಪ್ಪಿ, ಈ ಹಾಸ್ಯವನ್ನು ಮನೆಯವರಿಗೂ ಹೇಳಿ ನಕ್ಕೆ. ಡೊಮೇನ್ ಹೆಸರುಗಳ ಜಾಗತಿಕ ನಿಯಮ ರೂಪಿಸುವ ಸಂಸ್ಥೆಯಾದ ಐಕಾನ್‌ನ ವರ್ಗಾವಣೆ ನೀತಿಯ ಪ್ರಕಾರ ಅದು ನೋಂದಣಿದಾರನ ಬದಲಾವಣೆಯಾಗಿತ್ತು, ಮತ್ತು ಮೊದಲೇ ಬೇಡವೆಂದು ಗುರುತು ಹಾಕದವರ ಹೆಸರಿಗೆ 60 ದಿನ ಬೇರೆ ರಿಜಿಸ್ಟ್ರಾರ್‌ಗೆ ಹೋಗದಂತೆ ಬೀಗ ಬೀಳುತ್ತದೆ. ಆ ಗುರುತಿನ ಚೌಕ ಸೇವ್ ಗುಂಡಿಯ ಕೆಳಗೆ, ಬಿಳಿಯ ಮೇಲೆ ತಿಳಿ ಬೂದು ಅಕ್ಷರದಲ್ಲಿ ಇತ್ತು. ಗುಂಡಿಯನ್ನು ಒತ್ತಿದ ಮೇಲೆ ಅದರ ಕೆಳಗಿನದನ್ನು ಯಾರು ಓದುತ್ತಾರೆ?

ಇದಾವುದೂ ಗೊತ್ತಿಲ್ಲದೆ 19ರಂದು ಆಥ್ ಕೋಡ್ ಕೇಳಿದೆ. 5 ದಿನಗಳ ಒಳಗೆ ಕೊಡಬೇಕೆಂಬ ನಿಯಮವಿದ್ದರೆ ನಾಲ್ಕು ದಿನ ಕಾಯಿಸಿಯೇ ಕೊಡಬೇಕು ಎಂದು ನನ್ನ ರಿಜಿಸ್ಟ್ರಾರ್‌ನವರು ಅರ್ಥ ಮಾಡಿಕೊಂಡಂತಿದೆ. 23ಕ್ಕೆ ಬಂದ ಕೋಡನ್ನು ವಾಟ್ಸ್ಆ್ಯಪ್‌ನಲ್ಲಿ ಪುಣೆಗೆ ಕಳಿಸಿದೆ. ಮರುದಿನ ಬೆಳಿಗ್ಗೆ ಅದು ತಪ್ಪು ಎಂಬ ಉತ್ತರ ಬಂತು. ಮತ್ತೆ ಕಳಿಸಿದೆ, ಮತ್ತೆ ತಪ್ಪು. ಅವನು ಕಳಿಸಿದ ಪರದೆಯ ಚಿತ್ರವನ್ನು ದೊಡ್ಡದು ಮಾಡಿ ಒಂದೊಂದೇ ಅಕ್ಷರ ಎಣಿಸಿದಾಗ ನನ್ನ ಮೇಲ್‌ನಲ್ಲಿದ್ದ 16 ಅಕ್ಷರಗಳು ಅಲ್ಲಿ 14 ಆಗಿದ್ದವು. ಕೋಡಿನ ಮೊದಲಿಗೊಂದು, ಕೊನೆಗೊಂದು ನಕ್ಷತ್ರ ಚಿಹ್ನೆ ಇತ್ತು. ವಾಟ್ಸ್ಆ್ಯಪ್ ಅವೆರಡನ್ನೂ ನುಂಗಿ ನಡುವಿನದನ್ನು ದಪ್ಪ ಅಕ್ಷರದಲ್ಲಿ ತೋರಿಸಿತ್ತು, ಹುಡುಗ ಫೋನ್ ನೋಡಿಕೊಂಡು ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡಿದ್ದ. ಗುಟ್ಟು ಸಿಕ್ಕಿತೆಂದು ಹಿಗ್ಗಿ ಕೋಡನ್ನು ಮೇಲ್‌ನಲ್ಲಿ ಕಳಿಸಿದೆ. ಈಗ ಕೋಡ್ ಸರಿ ಎಂದಿತು, ಆದರೆ ವರ್ಗಾವಣೆಗೆ ತಡೆ ಇದೆ ಎಂದಿತು.

ನನ್ನ ಪ್ಯಾನೆಲ್‌ನಲ್ಲಿ ಬೀಗದ ಚಿತ್ರ ತೆರೆದೇ ಇತ್ತು. ನೋಂದಣಿ ವಿವರ ತೋರಿಸಲು 2025ರ ಜನವರಿ 28ರಿಂದ ಹೂಈಸ್‌ಗೆ ಬದಲಾಗಿ ಅಧಿಕೃತವಾಗಿರುವ ಆರ್‌ಡಿಎಪಿಯಲ್ಲಿ ನೋಡಿದರೆ ಮಾತ್ರ ‘ಕ್ಲೈಂಟ್ ಟ್ರಾನ್ಸ್‌ಫರ್ ಪ್ರೊಹಿಬಿಟೆಡ್’ (ವರ್ಗಾವಣೆಗೆ ತಡೆ) ಹಾಗೇ ನಿಂತಿತ್ತು. ಮುಚ್ಚಿ ತೆರೆದೆ, ತೆರೆದು ಮುಚ್ಚಿದೆ. ಚಿತ್ರ ಬದಲಾಯಿತೇ ಹೊರತು ಸ್ಥಿತಿ ಬದಲಾಗಲಿಲ್ಲ. ಸಹಾಯ ಕೇಂದ್ರದ ಮೊದಲನೆಯವರು ಬ್ರೌಸರ್‌ನ ಕ್ಯಾಶ್ ಅಳಿಸಿ ಎಂದರು, ಎರಡನೆಯವರು ಹಬ್ಬದ ರಿಯಾಯಿತಿಯಲ್ಲಿ ಇನ್ನೆರಡು ವರ್ಷ ನವೀಕರಿಸುವಿರಾ ಎಂದರು, 27ರಂದು ಸಿಕ್ಕ ಮೂರನೆಯವರು 60 ದಿನದ ಸಂಗತಿ ಹೇಳಿದರು. ಬರಿಯ ಕಾಗುಣಿತದ ತಿದ್ದುಪಡಿಗೆ ನೀತಿ ಅನ್ವಯಿಸುವುದಿಲ್ಲವಲ್ಲ, ಇನಿಷಿಯಲ್ ಬಿಡಿಸಿ ಬರೆದದ್ದೂ ತಿದ್ದುಪಡಿಯೇ ಅಲ್ಲವೇ ಎಂದು ವಾದಿಸಿದೆ. ಎರಡಕ್ಷರ ಹದಿನೇಳಾದರೆ ಅದು ತಿದ್ದುಪಡಿಯಲ್ಲ ಎಂದರು. ಒಮ್ಮೆ ಬಿದ್ದ ಬೀಗವನ್ನು ತೆಗೆಯುವುದು ತಮ್ಮ ಕೈಯಲ್ಲಿಲ್ಲ ಎಂದೂ ಸೇರಿಸಿದರು. ನವೆಂಬರ್ 17ರಿಂದ ಲೆಕ್ಕ ಹಾಕಿದರೆ ಜನವರಿ 16. ಅಷ್ಟರಲ್ಲಿ ಬನಶಂಕರಿಯ ತೇರು ಎಳೆದು ಎರಡು ವಾರವಾಗಿರುತ್ತದೆ.

ಆ ಸಂಜೆಯೇ ಗುಳೇದಗುಡ್ಡದಿಂದ ಫೋನ್ ಬಂತು. “ಅಣ್ಣಾರ, ರೊಕ್ಕ ತಯಾರೈತ್ರಿ, ಹೆಸರ ಎಲ್ಲೈತ್ರಿ?”

ಆ ರಾತ್ರಿ ನೀತಿಯನ್ನು ಮೊದಲಿನಿಂದ ಓದಿದಾಗ ಕಂಡದ್ದಿಷ್ಟು: ಬೀಗ ತಡೆಯುವುದು ಒಂದು ರಿಜಿಸ್ಟ್ರಾರ್‌ನಿಂದ ಇನ್ನೊಂದಕ್ಕೆ ಹೋಗುವುದನ್ನು ಮಾತ್ರ. ಹೆಸರು ಯಾವ ಸೈಟಿಗೆ ಹೋಗಬೇಕೆಂದು ತೋರಿಸುವ ನೇಮ್‌ಸರ್ವರ್ ಬದಲಿಸಲು ಅಡ್ಡಿಯಿಲ್ಲ, ಆದ್ದರಿಂದ ಅಂಗಡಿ ತೆರೆಯಲು ಅಡ್ಡಿಯಿಲ್ಲ. ಡಿಸೆಂಬರ್ 1ರಂದು ನೇಮ್‌ಸರ್ವರ್‌ಗಳನ್ನು ಪುಣೆಯ ಹುಡುಗ ಹೇಳಿದಲ್ಲಿಗೆ ತಿರುಗಿಸಿದೆ, ಅರ್ಧ ಹಣ ಬಂತು. ಉಳಿದದ್ದು ಒಡೆತನ. ಅದೇ ರಿಜಿಸ್ಟ್ರಾರ್‌ನಲ್ಲಿ ಅವರೂ ಖಾತೆ ತೆರೆದರೆ ಕೋಡಿನ ಗೊಡವೆಯಿಲ್ಲದೆ ಪುಶ್ ಮಾಡಬಹುದು, ಅಂದರೆ ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟಿಸಬಹುದು ಎಂಬುದು ನಮಗೆಲ್ಲ ಗೊತ್ತು, ಆದರೆ ಬೀಗ ಬಿದ್ದಿರುವಾಗ ಪುಶ್ ಆಗುತ್ತದೆಯೇ ಎಂದು ಸಹಾಯ ಕೇಂದ್ರವನ್ನು ಎರಡು ಸಲ ಕೇಳಿದರೆ ಎರಡು ಸಲವೂ ಇಲ್ಲ ಎಂದರು. ಕ್ಯಾಶ್ ಅಳಿಸಿ ಎಂದವರ ಮಾತನ್ನು ನಂಬುವುದಕ್ಕಿಂತ ಪರೀಕ್ಷೆ ಮಾಡುವುದು ಲೇಸೆನಿಸಿತು. ಬಲಿಗೆ ನನ್ನ ಬಳಿ ಹೆಸರುಗಳ ಕೊರತೆಯಿಲ್ಲ: 2014ರ ನವೆಂಬರ್ 1ರಂದು ಬಿಜಾಪುರವು ವಿಜಯಪುರವಾದ ಮೇಲೂ ಹಳೆಯ ಕಾಗುಣಿತವನ್ನೇ ಜನ ಹುಡುಕುತ್ತಾರೆಂದು ನಂಬಿ ಕೊಂಡ, ಇಂದಿನವರೆಗೆ ಒಬ್ಬರೂ ಕೇಳದ ಒಂದು ಹೆಸರನ್ನು ಆರಿಸಿದೆ. 6ರಂದು ಅದರಲ್ಲೂ ಇನಿಷಿಯಲ್ ಬಿಡಿಸಿ ಬರೆದು, ಬೇಕೆಂದೇ ಬೀಗ ಹಾಕಿಸಿಕೊಂಡು, ಹೆಂಡತಿಯ ಹೆಸರಿನಲ್ಲಿ ತೆರೆದ ಖಾತೆಗೆ ಪುಶ್ ಒತ್ತಿದೆ. ನಾಲ್ಕು ನಿಮಿಷದಲ್ಲಿ ಹೆಸರು ಅಲ್ಲಿತ್ತು. ಆ ಹೆಸರಿಗೆ ಈವರೆಗೆ ಸಿಕ್ಕ ಏಕೈಕ ಗಿರಾಕಿ ಅವಳೇ, ಅದೂ ಪುಕ್ಕಟೆ.

ಮುಂದಿನ ಕೆಲಸದ ಬೀಜವೂ ಈ ರಗಳೆಯಲ್ಲೇ ಬಿತ್ತು. ಎರಡು ನಕ್ಷತ್ರಗಳನ್ನು ಎಣಿಸಿದ ಕಣ್ಣಿಗೆ ಈಗ ಕನ್ನಡ ಲಿಪಿಯಲ್ಲೇ ಬರೆಯುವ ಡಾಟ್ ಭಾರತ ಡೊಮೇನ್ ಹೆಸರುಗಳಲ್ಲಿ ಸೊನ್ನೆಗಳೇ ಕಾಣುತ್ತಿವೆ. ‘ಕರದಂಟು’ ಎಂಬುದನ್ನು ಅನುಸ್ವಾರ ಹಾಕಿ ಬರೆಯಿರಿ, ಇಲ್ಲವೇ ಕನ್ನಡ ಅಂಕಿಯ ಸೊನ್ನೆ ಹಾಕಿ ‘ಕರದ೦ಟು’ ಎಂದು ಬರೆಯಿರಿ. ಓದುವವರಿಗೆ ಎರಡೂ ಒಂದೇ, ಕಂಪ್ಯೂಟರ್ ಬಳಸುವ ಇಂಗ್ಲಿಷ್ ಅಕ್ಷರಗಳ ರೂಪವಾದ ಪ್ಯುನಿಕೋಡ್‌ಗೆ ಇಳಿಸಿದಾಗ ಮಾತ್ರ ಎರಡು ಬೇರೆ ಸಾಲುಗಳು. ಸೊನ್ನೆಯನ್ನೇ ಒತ್ತುವ ಅಭ್ಯಾಸದವರು ನನ್ನ ಕಚೇರಿಯಲ್ಲೇ ಇಬ್ಬರಿದ್ದಾರೆ. ಗೋಕಾಕದ ಕರದಂಟು, ಬೆಳಗಾವಿಯ ಕುಂದಾ ಇವೆರಡೂ ಅನುಸ್ವಾರದ ತಿಂಡಿಗಳಾದ್ದರಿಂದ ಪರೀಕ್ಷೆಗೆ ಹೇಳಿಮಾಡಿಸಿದಂತಿವೆ. ಸಂಕ್ರಾಂತಿ ಕಳೆದ ಮೇಲೆ ಮೊದಲು ಇವುಗಳ ಪಟ್ಟಿ ಮಾಡುತ್ತೇನೆ, ದುಡ್ಡು ಬಿಚ್ಚುವುದು ಆಮೇಲೆ.

10ರ ರಾತ್ರಿ ಖಣದ ಹೆಸರನ್ನು ಪುಶ್ ಮಾಡಿದೆ. ಹೊಸ ನೋಂದಣಿದಾರರು ಬಂದದ್ದರಿಂದ 60 ದಿನ ಮತ್ತೆ ಮೊದಲಿನಿಂದ ಶುರುವಾಗಿ ಫೆಬ್ರುವರಿ 8ಕ್ಕೆ ಮುಗಿಯುತ್ತದೆ. ಅಲ್ಲಿಯವರೆಗೆ ಪುಣೆಯ ಹುಡುಗ ತನಗೆ ಇಷ್ಟವಿಲ್ಲದ ರಿಜಿಸ್ಟ್ರಾರ್‌ನಲ್ಲೇ ದಿನ ತಳ್ಳಬೇಕು. ಉಳಿದರ್ಧ ಹಣ ಬ್ಯಾಂಕಿಗೆ ಬಿದ್ದ ಸಂದೇಶದ ಹಿಂದೆಯೇ ಫೋನ್ ಬಂತು.

“ಅಣ್ಣಾರ, ನನ್ನ ಹೆಸರ ಕಾಣಾಕತ್ತೈತ್ರಿ. ಆದ್ರ ನಮ್ಮ ಅಪ್ಪಾರ ಹೆಸರ ಬಿಟ್ಟೈತ್ರಿ, ಸೇರಸ್ಲೇನ್ರಿ?”

“ಫೆಬ್ರುವರಿ 8 ದಾಟೂತನಕ ಏನೂ ಮುಟ್ಟಬ್ಯಾಡವ್ವಾ ತಂಗಿ.”