ಇಳಿಜಾರು 1.5: ಹನ್ನೊಂದು ದಿನ ಕಾಡಿದ ಸೋರಿಕೆ

ಹನ್ನೊಂದು ದಿನ ಹಾಳಾದ ಮೇಲೆ ಕಳ್ಳ ಸಿಕ್ಕಿದ್ದಾನೆ. ಸೂಕ್ಷ್ಮದರ್ಶಕದ ಸ್ಲೈಡಿನ ಮೇಲೆ ಮುಚ್ಚುವ ತೆಳು ಗಾಜಿನ, ಅಂದರೆ ಕವರ್‌ಸ್ಲಿಪ್ಪಿನ, ಬಲ ಮೂಲೆಯಲ್ಲೇ ಕುಳಿತಿದ್ದ.

ಸ್ಲೈಡ್ ತಯಾರಿ, ಕ್ಯಾಮೆರಾ ಜೋಡಣೆ, ಸ್ಟೇಜ್ ಮೈಕ್ರೋಮೀಟರ್ (ಸೂಕ್ಷ್ಮ ಗೆರೆಗಳ ಅಳತೆ ಗಾಜು) ಇಟ್ಟು ಪಿಕ್ಸೆಲ್ ಅಳೆಯುವುದು, ಇವನ್ನೆಲ್ಲ ಮತ್ತೆ ಬರೆಯುವುದಿಲ್ಲ. ಈ ಹುಚ್ಚು ಹತ್ತಿದವರಿಗೆ ಅದೆಲ್ಲ ಬಾಯಿಪಾಠ. ಗುರಿ ಹಳೆಯದೇ: ನೀರಿನಲ್ಲಿ ಒಂದು ಮೈಕ್ರೋಮೀಟರ್ (ಮಿಲಿಮೀಟರಿನ ಸಾವಿರದ ಒಂದು ಪಾಲು) ಮಣಿಗಳು ನಡುಗುವುದನ್ನು ವಿಡಿಯೊ ಮಾಡಿ, ತಾಪಕ್ಕೂ ಅಣುಗಳ ಶಕ್ತಿಗೂ ಗಂಟು ಹಾಕುವ ಬೋಲ್ಟ್ಸ್‌ಮನ್ ಸ್ಥಿರಾಂಕವನ್ನು ಹೊರಗೆಳೆಯುವುದು. 1908ರ ಸುಮಾರಿಗೆ ಜೀನ್ ಪೆರಿನ್ ರಾಳದ ಕಣಗಳನ್ನು ಇಟ್ಟುಕೊಂಡು ಇಂಥದ್ದೇ ಕೆಲಸ ಮಾಡಿ ಅಣುಗಳಿವೆ ಎಂದು ಜಗತ್ತನ್ನು ಒಪ್ಪಿಸಿದರು. 1926ರಲ್ಲಿ ನೊಬೆಲ್ ಬಂತು. ನನಗೆ ಆ ಭಾಗ್ಯವೂ ಇಲ್ಲ. 2019ರಿಂದ ಈ ಸ್ಥಿರಾಂಕವನ್ನು 1.380649 × 10⁻²³ ಜೂಲ್ ಪ್ರತಿ ಕೆಲ್ವಿನ್ ಎಂದು ವ್ಯಾಖ್ಯೆಯಲ್ಲೇ ಕಟ್ಟಿಹಾಕಿದ್ದಾರೆ. ಅಂದರೆ ಉತ್ತರದಲ್ಲಿ ಎಷ್ಟು ವ್ಯತ್ಯಾಸ ಬಂದರೂ ಅದು ನನ್ನ ಕೈಗೆಲಸದ ಅಂಕಪಟ್ಟಿ.

ಮೊದಲು ಮಣಿಗಳ ಗೋಳು. ಒಂದು ಮೈಕ್ರೋಮೀಟರ್ ಪಾಲಿಸ್ಟೈರೀನ್ ಮಣಿ ತರಿಸಿದರೆ ಬಂದದ್ದು ಹತ್ತರದ್ದು. ಬಿಲ್ಲಿನ ಮೇಲೆ 1, ಶೀಶೆಯ ಮೇಲೆ 10. ಫೋನ್ ಮಾಡಿದರೆ, "ಒಂದು ಸೊನ್ನೆ ಹೆಚ್ಚು ಬಿದ್ದಿದೆ ಸರ್, ಅಷ್ಟೇ" ಎಂದ ಪುಣ್ಯಾತ್ಮ. ಆ ಸೊನ್ನೆಯ ಮಹಿಮೆ ಅವನಿಗೆ ಹೇಗೆ ತಿಳಿಯಬೇಕು? ಹತ್ತು ಮೈಕ್ರೋಮೀಟರ್ ಮಣಿ ಸೆಕೆಂಡಿಗೆ ಸುಮಾರು ಮೂರು ಮೈಕ್ರೋಮೀಟರ್ ಮುಳುಗುತ್ತದೆ. ನಾನು ಫೋಕಸ್ ಮಾಡಿ ಚಹಾದ ಲೋಟ ಎತ್ತುವಷ್ಟರಲ್ಲಿ ಗಾಜಿನ ತಳ ಸೇರಿ ಪದ್ಮಾಸನ ಹಾಕಿರುತ್ತದೆ. ಬದಲಿ ಬರಲು ಮೂರು ವಾರ. ಅಲ್ಲಿಯವರೆಗೆ ಪ್ಯಾಕೆಟ್ ಹಾಲಿನ ಕೊಬ್ಬಿನ ಹನಿಗಳ ಮೇಲೆ ಕೈ ಪಳಗಿಸಿದೆ. ಒಂದೊಂದು ಹನಿ ಒಂದೊಂದು ಗಾತ್ರ. ಅಳತೆಗೆ ಒದಗುವುದಿಲ್ಲ, ನೋಡಲು ಚೆಂದ.

ಸರಿಯಾದ ಮಣಿ ಬಂದ ಮೇಲೆ ಶುರುವಾಯಿತು ನಿಜವಾದ ಕಾಟ. 1905ರ ಐನ್‌ಸ್ಟೈನ್ ಲೆಕ್ಕದ ಪ್ರಕಾರ ಕಾಲ ಇಮ್ಮಡಿಯಾದರೆ ಮಣಿ ಸರಿದ ದೂರದ ವರ್ಗದ ಸರಾಸರಿಯೂ ಇಮ್ಮಡಿಯಾಗಬೇಕು. ಎರಡೂ ಅಕ್ಷಗಳಲ್ಲಿ ಲಾಗ್ ಹಾಕಿದ ಗ್ರಾಫಿನಲ್ಲಿ ಗೆರೆಯ ಇಳಿಜಾರು 1 ಬರಬೇಕು. ನನಗೆ ಬಂದದ್ದು 1.5. ಮರುದಿನ 1.47. ಅದರ ಮರುದಿನ 1.56.

ಸುಳ್ಳು ಏಕೆ ಹೇಳಲಿ, ಮೊದಲು ಖುಷಿಯೇ ಆಯಿತು. ಇಳಿಜಾರು ಒಂದನ್ನು ದಾಟಿತೆಂದರೆ ಮಣಿಯನ್ನು ಯಾರೋ ತಳ್ಳುತ್ತಿದ್ದಾರೆ ಎಂದರ್ಥ. ನಾನು ಬಳಸಿದ ನೀರು ಬಾಟಲಿಯಲ್ಲಿ ಮೂರು ದಿನ, 38 ಡಿಗ್ರಿ ಸೆಕೆಯಲ್ಲಿ ನಿಂತ ನೀರು. ಬ್ಯಾಕ್ಟೀರಿಯಾ ಹುಟ್ಟಿರಲೇಬೇಕು ಎಂದುಕೊಂಡೆ. 2000ದಲ್ಲಿ ವೂ ಮತ್ತು ಲಿಬ್‌ಶಾಬರ್ ಎಂಬ ಭೌತವಿಜ್ಞಾನಿಗಳು ತೋರಿಸಿದ್ದು ಇದನ್ನೇ ಅಲ್ಲವೇ? ಇ. ಕೋಲಿ ಬ್ಯಾಕ್ಟೀರಿಯಾ ಈಜುತ್ತಿರುವ ತೆಳು ಪೊರೆಯಲ್ಲಿ ಮಣಿ ಬಿಟ್ಟರೆ, ಅಲ್ಪ ಕಾಲದಲ್ಲಿ ಅದು ನುಗ್ಗಿದಂತೆ ಸಾಗುತ್ತದೆ, ದೀರ್ಘ ಕಾಲ ನೋಡಿದರೆ ಮತ್ತೆ ಸಾಮಾನ್ಯ ವಿಸರಣೆಯಂತೆ, ಅಂದರೆ ದಿಕ್ಕಿಲ್ಲದ ಅಲೆದಾಟದಂತೆ, ಕಾಣುತ್ತದೆ. ಸಾಂಖ್ಯಿಕ ಭೌತಶಾಸ್ತ್ರದವರು ಈಗ ಸಕ್ರಿಯ ದ್ರವ್ಯ ಎಂದು ಕರೆಯುವ ಜಗತ್ತು ಅದು. ಅಲ್ಲಿ ಪ್ರತಿ ಕಣವೂ ತಾನೇ ಇಂಧನ ಉರಿಸಿ ಓಡುತ್ತದೆ, ಉಷ್ಣ ಸಮತೋಲನದ ಹಳೆಯ ನಿಯಮಗಳು ನೇರವಾಗಿ ನಡೆಯುವುದಿಲ್ಲ. ನಮ್ಮ ಬೆಂಗಳೂರಿನಲ್ಲೇ, 2016ರಲ್ಲಿ, ಭೌತವಿಜ್ಞಾನಿ ಅಜಯ್ ಸೂದ್ ಅವರ ತಂಡ ಬ್ಯಾಕ್ಟೀರಿಯಾ ತುಂಬಿದ ನೀರನ್ನೇ ಶಾಖದ ಆಕರವಾಗಿಸಿ ಒಂದೇ ಮಣಿಯ ಸ್ಟರ್ಲಿಂಗ್ ಎಂಜಿನ್ (ಶಾಖವನ್ನು ಕೆಲಸವಾಗಿಸುವ ಯಂತ್ರ) ಓಡಿಸಿತು. ಗಂಗಾವತಿಯಲ್ಲಿ ನನ್ನ ಮೇಜಿನ ಮೇಲೆ ಅದರ ಬಡ ತಮ್ಮ ಹುಟ್ಟಿದ್ದಾನೆ ಎಂದು ಆ ರಾತ್ರಿ ನಿದ್ದೆಯೇ ಬರಲಿಲ್ಲ.

ಬೆಳಿಗ್ಗೆ ಬುದ್ಧಿ ಬಂತು. ಈ ಮೋಸಕ್ಕೆ ಮೊದಲು ಎಚ್ಚರಗೊಂಡವರು ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್. 1827ರಲ್ಲಿ ಪರಾಗದೊಳಗಿನ ಕಣಗಳು ಕುಣಿಯುವುದನ್ನು ಕಂಡಾಗ ಅವರಿಗೂ ಜೀವದ ಗುಮಾನಿ ಬಂದಿತ್ತು. ಆದರೆ ಅವರು ಅಲ್ಲಿಗೆ ಬಿಡಲಿಲ್ಲ. ಸತ್ತ ಗಿಡ, ಗಾಜು, ಕಲ್ಲು, ಕೊನೆಗೆ ಈಜಿಪ್ಟಿನ ಸ್ಫಿಂಕ್ಸ್‌ನ ಒಂದು ಚೂರನ್ನೂ ಅರೆದು ನೋಡಿದರು. ಎಲ್ಲವೂ ಕುಣಿದವು. ನನ್ನ ಬಳಿ ಸ್ಫಿಂಕ್ಸ್ ಇಲ್ಲ, ಗ್ಯಾಸ್ ಒಲೆ ಇದೆ. ನೀರನ್ನು ಇಪ್ಪತ್ತು ನಿಮಿಷ ಕುದಿಸಿ, ಆರಿಸಿ, ಹೊಸ ಸ್ಲೈಡ್ ಮಾಡಿದೆ. ಇಳಿಜಾರು 1.5. ಎಂಜಿನ್ ಕನಸು ಒಲೆಯ ಮೇಲೇ ಆವಿಯಾಯಿತು.

ಎರಡನೆಯ ಆರೋಪಿ ಪಕ್ಕದ ಅಕ್ಕಿ ಗಿರಣಿ. ಅದು ಓಡುವಾಗ ನಮ್ಮ ಮನೆಯ ಸ್ಟೀಲ್ ಲೋಟಗಳು ಕಪಾಟಿನಲ್ಲಿ ಪಿಸುಗುಟ್ಟುತ್ತವೆ. ಮೇಜಿನ ಕಾಲಿಗೆ ಸೈಕಲ್ ಟ್ಯೂಬ್ ಸುತ್ತಿದೆ, ಸೂಕ್ಷ್ಮದರ್ಶಕದ ಕೆಳಗೆ ಕಡಪಾ ಕಲ್ಲು, ಕಲ್ಲಿನ ಕೆಳಗೆ ಸ್ಪಂಜು. ಫಲವಿಲ್ಲ. ಅಮಾವಾಸ್ಯೆಯ ದಿನ ಗಿರಣಿಗೆ ಪೂಜೆ, ರಜೆ. ಅಂದು ಮಾಡಿದ ವಿಡಿಯೊದಲ್ಲಿ ಗ್ರಾಫಿನ ಎಡತುದಿ ಸ್ವಲ್ಪ ಕೆಳಗಿಳಿಯಿತು, ಇಳಿಜಾರು ಕದಲಲಿಲ್ಲ. ಯೋಚಿಸಿದ್ದರೆ ಮೊದಲೇ ಹೊಳೆಯಬೇಕಿತ್ತು. ಅಲುಗಾಟವೆಂದರೆ ಹೋಗಿ ಬರುವುದು. ಕಾಲ ಎಷ್ಟೇ ಕಳೆದರೂ ಅದು ಮಣಿಯನ್ನು ದೂರ ಒಯ್ಯುವುದಿಲ್ಲ, ಒಂದಿಷ್ಟು ಸ್ಥಿರ ಗದ್ದಲ ಕೂಡಿಸುತ್ತದೆ ಅಷ್ಟೇ. ಗಿರಣಿ ಸಾವುಕಾರರನ್ನು ಐದು ದಿನ ಮನಸ್ಸಿನಲ್ಲೇ ಬೈದಿದ್ದಕ್ಕೆ ಕ್ಷಮೆ ಇರಲಿ.

ಒಂಬತ್ತನೆಯ ದಿನ ಬೇಸರಕ್ಕೆ ವಿಡಿಯೊವನ್ನು ಮೂವತ್ತು ಪಟ್ಟು ವೇಗದಲ್ಲಿ ಓಡಿಸಿದೆ. ಗವಿಮಠದ ಜಾತ್ರೆ ಕಂಡಂತಾಯಿತು. ತೇರಿನ ಸುತ್ತಲಿನ ಜನರಲ್ಲಿ ಒಬ್ಬೊಬ್ಬರೂ ಅತ್ತ ಇತ್ತ ನೂಕಾಡುತ್ತಾರೆ, ಆದರೆ ಇಡೀ ಗುಂಪು ತೇರು ಹೋದತ್ತ ಸರಿಯುತ್ತದೆ. ನನ್ನ ಮಣಿಗಳೂ, ನಡುವೆ ಸಿಕ್ಕ ಒಂದು ಧೂಳಿನ ಎಳೆಯೂ ಒಟ್ಟಾಗಿ ಬಲ ಮೂಲೆಯತ್ತ ಹೊರಟಿದ್ದವು. ವೇಗ ಸೆಕೆಂಡಿಗೆ ಒಂದು ಮೈಕ್ರೋಮೀಟರ್. ಗಂಟೆಗೆ ನಾಲ್ಕು ಮಿಲಿಮೀಟರ್ ಕೂಡ ಇಲ್ಲ. ನೇರವಾಗಿ ನೋಡಿದರೆ ಯಾವ ಕಣ್ಣಿಗೂ ಬೀಳದು. ಲೆಕ್ಕದಲ್ಲಿ ಮಾತ್ರ ರಾಕ್ಷಸ. ವಿಸರಣೆಯ ಪಾಲು ಕಾಲದ ಜೊತೆ ಬೆಳೆದರೆ ಹರಿವಿನ ಪಾಲು ಕಾಲದ ವರ್ಗದ ಜೊತೆ ಬೆಳೆಯುತ್ತದೆ. ಚದರ ಮೈಕ್ರೋಮೀಟರ್ ಲೆಕ್ಕದಲ್ಲಿ, ಒಂದು ಸೆಕೆಂಡಿನಲ್ಲಿ ವಿಸರಣೆ 2.7, ಹರಿವು 1. ಹತ್ತು ಸೆಕೆಂಡಿಗೆ ವಿಸರಣೆ 27, ಹರಿವು 100. ಎರಡೂ ಪಾಲು ಕೂಡಿಸಿ, ಲಾಗ್ ಗ್ರಾಫಿನಲ್ಲಿ ಆ ಎರಡು ಬಿಂದುಗಳ ನಡುವೆ ಗೆರೆ ಎಳೆದರೆ ಇಳಿಜಾರು 1.54. ಕಾಗದದ ಮೇಲೆ ಆ ಸಂಖ್ಯೆ ಬಂದಾಗ ಕುರ್ಚಿಯಿಂದ ಎದ್ದು ನಿಂತೆ.

ಕವರ್‌ಸ್ಲಿಪ್ ತೆಗೆದು ಲೆನ್ಸಿನಲ್ಲಿ ನೋಡಿದರೆ ಬಲ ಮೂಲೆಯ ನೇಲ್ ಪಾಲಿಶ್‌ನಲ್ಲಿ ಕೂದಲೆಳೆಯ ಬಿರುಕು. ಅಲ್ಲಿಂದ ನೀರು ಆವಿಯಾಗುತ್ತಿತ್ತು, ಒಳಗಿನ ನೀರೆಲ್ಲ ಆ ಕಡೆಗೆ ಎಳೆದುಕೊಳ್ಳುತ್ತಿತ್ತು. ಮೇಲೆ ಫ್ಯಾನ್ ಬೇರೆ. ನೇಲ್ ಪಾಲಿಶ್ ತಂಗಿಯದು, ಎರಡು ವರ್ಷ ಹಳೆಯದು. "ಅಣ್ಣಾ, ಅದು ಒಣಗಿ ಹೋಗಿದೆ, ಅದಕ್ಕೇ ನಿನಗೆ ಕೊಟ್ಟೆ" ಎಂದಳು. ಈಗ ಮೇಣ ಮತ್ತು ವ್ಯಾಸಲೀನ್ ಕರಗಿಸಿ ಅಂಚಿಗೆ ಹಚ್ಚುತ್ತೇನೆ.

ಹಳೆಯ ವಿಡಿಯೊಗಳನ್ನು ಎಸೆಯುವ ಮನಸ್ಸಾಗಲಿಲ್ಲ. ಎಲ್ಲ ಮಣಿಗಳ ಸರಾಸರಿ ಚಲನೆಯನ್ನು ಪ್ರತಿ ಮಣಿಯಿಂದ ಕಳೆದರಾಯಿತು. ವಿಡಿಯೊದಲ್ಲಿ ಕಣಗಳ ಜಾಡು ಹಿಡಿಯುವ ಟ್ರ್ಯಾಕ್‌ಪೈ ತಂತ್ರಾಂಶದಲ್ಲಿ ಅದಕ್ಕೆ ಸಿದ್ಧ ಆದೇಶವೇ ಇದೆ. ಇಳಿಜಾರು ತಟ್ಟನೆ 1.02ಕ್ಕೆ ಇಳಿಯಿತು. ಆದರೆ ವಿಸರಣ ಗುಣಾಂಕ (ಮಣಿ ಎಷ್ಟು ಬೇಗ ಹರಡುತ್ತದೆ ಎಂಬ ಅಳತೆ, ಸ್ಥಿರಾಂಕ ಹೊರಡುವುದು ಇದರಿಂದಲೇ) ಸೆಕೆಂಡಿಗೆ 0.55 ಚದರ ಮೈಕ್ರೋಮೀಟರ್ ಬಂತು, 38 ಡಿಗ್ರಿಗೆ 0.67 ಬರಬೇಕು. (ಇಲ್ಲಿ ನಮ್ಮೂರ ಬಿಸಿಲಿಗೆ ಒಂದು ಮಾತು. 25ರಿಂದ 40 ಡಿಗ್ರಿಗೆ ಹೋದರೆ ಇದೇ ಮಣಿಯ ಗುಣಾಂಕ 0.49ರಿಂದ 0.70ಕ್ಕೆ ಏರುತ್ತದೆ. ಕೆಲ್ವಿನ್‌ನಲ್ಲಿ ಏರಿದ್ದು ಶೇಕಡಾ ಐದು. ಉಳಿದದ್ದೆಲ್ಲ ನೀರು ತೆಳುವಾದ ಫಲ. ತಾಪಮಾಪಕದಲ್ಲಿ ಉದಾಸೀನ ಮಾಡಿದವರು ಕೆಟ್ಟರು.) ತಪ್ಪು ತಾಪದಲ್ಲಿರಲಿಲ್ಲ. ಆ ವಿಡಿಯೊದಲ್ಲಿ ಇದ್ದದ್ದೇ ಆರು ಮಣಿ. ಆರರ ಸರಾಸರಿಯನ್ನು ಕಳೆದಾಗ ಪ್ರತಿ ಮಣಿಯ ಸ್ವಂತ ನಡುಕದಲ್ಲೂ ಆರನೆಯ ಒಂದು ಪಾಲು ಹರಿವಿನ ಹೆಸರಿನಲ್ಲಿ ಕೊಚ್ಚಿಹೋಗುತ್ತದೆ. 0.67ರ ಆರನೆಯ ಐದು ಪಾಲು ಎಷ್ಟು? 0.56. ನಲವತ್ತೊಂದು ಮಣಿ ಇರುವ ವಿಡಿಯೊದಲ್ಲಿ 0.64 ಬಂತು. ಅದರಿಂದ ಬೋಲ್ಟ್ಸ್‌ಮನ್ ಸ್ಥಿರಾಂಕ 1.31 × 10⁻²³. ಶೇಕಡಾ ಐದು ಕಡಿಮೆ. ಅದರಲ್ಲಿ ಸುಮಾರು ಅರ್ಧ ಕೊಚ್ಚಿಹೋದ ನಲವತ್ತೊಂದನೆಯ ಒಂದು ಪಾಲಿನದು, ಉಳಿದದ್ದನ್ನು ಸದ್ಯಕ್ಕೆ ಗಾಜಿನ ಗೋಡೆಯ ತಲೆಗೆ ಕಟ್ಟಿದ್ದೇನೆ, ಗೋಡೆಯ ಹತ್ತಿರ ಮಣಿ ನಿಧಾನವಾಗುತ್ತದೆ.

ಇನ್ನು ನಿಜವಾದ ಬ್ಯಾಕ್ಟೀರಿಯಾ. ಗಂಗಾವತಿಯಲ್ಲಿ ಭತ್ತದ ಹುಲ್ಲಿಗೆ ಬರವೇ? ಒಂದು ಹಿಡಿ ಹುಲ್ಲನ್ನು ಕುದಿಸಿ ಬಾಟಲಿಯಲ್ಲಿ ಇಟ್ಟಿದ್ದೇನೆ. ಕುದಿತಕ್ಕೂ ಜಗ್ಗದ ಬೀಜಾಣುಗಳಿಂದ ಬ್ಯಾಸಿಲಸ್ ಸಬ್ಟಿಲಿಸ್ ಎಂಬ ಬ್ಯಾಕ್ಟೀರಿಯಾ ಏಳುತ್ತದೆ ಎಂಬುದು ಹಳೆಯ ಮನೆಮದ್ದು. ಇದೇ ಬ್ಯಾಸಿಲಸ್ 2010ರಲ್ಲಿ ಅಮೆರಿಕದ ಪ್ರಯೋಗಾಲಯದಲ್ಲಿ ಓರೆ ಹಲ್ಲಿನ ಪುಟ್ಟ ಚಕ್ರಗಳನ್ನು ಒಂದೇ ದಿಕ್ಕಿಗೆ ತಿರುಗಿಸಿತು. ಬ್ಯಾಕ್ಟೀರಿಯಾ ಇಲ್ಲದ ಸತ್ತ ನೀರಿನಲ್ಲಿ ಆ ಚಕ್ರ ಎಷ್ಟು ನಡುಗಿದರೂ ಒಂದು ಕಡೆಗೆ ತಿರುಗುವುದಿಲ್ಲ. ಅಂಥ ಚಕ್ರವನ್ನು ಕತ್ತರಿಸುವ ದಾರಿ ಹುಡುಕುತ್ತಿದ್ದೇನೆ. ಲೇಸರ್ ಅಂಗಡಿಯವರು ಮಿಲಿಮೀಟರಿಗಿಂತ ಚಿಕ್ಕದು ಎಂದೊಡನೆ ನಗುತ್ತಾರೆ. ಅವ್ವ ಬಾಟಲಿಯ ವಾಸನೆಗೆ ಎರಡು ಸಲ ಎಚ್ಚರಿಕೆ ಕೊಟ್ಟಿದ್ದಾಳೆ.

ಆದರೆ ನಿನ್ನೆ ಹೊಸ ತೊಡಕು. ಹುಲ್ಲಿನ ನೀರಿನ ಹನಿಯನ್ನು ಮೇಣದಿಂದ ಬಿಗಿಯಾಗಿ ಮುಚ್ಚಿದೆ. ಮೊದಲು ಕಡ್ಡಿಯಂಥ ಜೀವಗಳು ಸರಸರ ಓಡಾಡಿದವು. ಸ್ವಲ್ಪ ಹೊತ್ತಿಗೆ ಒಂದೊಂದಾಗಿ ನಿಂತು, ಸತ್ತ ಮಣಿಯಂತೆ ಬರಿದೇ ನಡುಗತೊಡಗಿದವು. ಒಳಗಿನ ಆಮ್ಲಜನಕ ಮುಗಿದಿರಬೇಕು. ಬಿಗಿ ಮಾಡಿದರೆ ಉಸಿರು ಕಟ್ಟುತ್ತದೆ, ಸಡಿಲ ಬಿಟ್ಟರೆ ಹಳೆಯ ಹರಿವು ಬರುತ್ತದೆ. ಇಂದು ರಾತ್ರಿ ಗಿರಣಿ ನಿಂತ ಮೇಲೆ ಹನಿಯ ಪಕ್ಕದಲ್ಲೇ ಒಂದು ಗಾಳಿಗುಳ್ಳೆ ಸೇರಿಸಿ ಮುಚ್ಚಿ ನೋಡುತ್ತೇನೆ.